ಟೆಲಿವಿಷನ್ ಹಣವೂ ಇಂಗ್ಲೆಂಡಿನ ಫುಟ್‌ಬಾಲೂ: ಹಂಚಿಕೆಯ ಚರಿತ್ರೆಯನ್ನು ಕುರಿತ ಒಂದು ವಿಮರ್ಶೆ

೧

ಇಂಗ್ಲೆಂಡಿನ ಫುಟ್‌ಬಾಲ್ ಆಟದ ಇತ್ತೀಚಿನ ಚರಿತ್ರೆಯನ್ನು ಕುರಿತು ಎರಡು ಮತಗಳು ಪ್ರಚಾರದಲ್ಲಿವೆ. ಟೆಲಿವಿಷನ್ನಿನ ಹಣ ಬಂದು ಶಿಥಿಲವಾಗಿದ್ದ ಆಟವನ್ನು ಉದ್ಧಾರ ಮಾಡಿತು, ಮುರುಕು ಮೈದಾನಗಳಿದ್ದೆಡೆ ಭವ್ಯವಾದ ಕ್ರೀಡಾಂಗಣಗಳು ಎದ್ದವು, ಲೋಕದ ಶ್ರೇಷ್ಠ ಆಟಗಾರರು ಅಲ್ಲಿಗೆ ಬಂದು ನೆರೆದರು ಎಂಬುದು ಮೊದಲನೆಯ ಮತ. ಅದೇ ಹಣ ಆಟವನ್ನು ಊರಿನ ಜನರ ಕೈಯಿಂದ ಕಿತ್ತು ವರ್ತಕರ ಕೈಗೆ ಕೊಟ್ಟಿತು, ಬಡ ಕ್ಲಬ್ಬುಗಳನ್ನು ಹಾಳುಮಾಡಿತು ಎಂಬುದು ಎರಡನೆಯದು. ಮೇಲುನೋಟಕ್ಕೆ ಇವು ಒಂದಕ್ಕೊಂದು ವಿರುದ್ಧವಾದರೂ ಎರಡೂ ನಿಂತಿರುವ ತಳಹದಿ ಒಂದೇ. ೧೯೯೨ನೆಯ ವರ್ಷ, ಎಂದರೆ ಪ್ರೀಮಿಯರ್ ಲೀಗು ಹುಟ್ಟಿದ ವರ್ಷ, ಯುಗಪರಿವರ್ತನೆಯ ವರ್ಷವೆಂದೂ, ಆ ಪರಿವರ್ತನೆಗೆ ಹಣದ ಮೊತ್ತವೇ ಕಾರಣವೆಂದೂ ಎರಡು ಪಕ್ಷದವರೂ ಒಪ್ಪುತ್ತಾರೆ. ಈ ತಳಹದಿ ಎಷ್ಟು ಭದ್ರವಾದುದೆಂಬುದನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ.

ಆಟದ ವಿಚಾರ ಇತಿಹಾಸದ ಅಭ್ಯಾಸಿಗಳಿಗೆ ತಕ್ಕುದೇ ಎಂಬ ಸಂದೇಹ ಕೆಲವರಿಗೆ ಬರಬಹುದು. ಹಲವರು ಕೂಡಿ ಉತ್ಪಾದಿಸಿದ ಸಂಪತ್ತನ್ನು ಹಂಚುವ ಅಧಿಕಾರ ಯಾರದು ಎಂಬುದು ಇತಿಹಾಸದ ಬಹು ಹಳೆಯ ಪ್ರಶ್ನೆಗಳಲ್ಲೊಂದು. ನಮ್ಮ ಹಳ್ಳಿಯ ಕೆರೆಗಳ ವ್ಯವಸ್ಥೆಯನ್ನು ಅಭ್ಯಾಸಮಾಡಿದವರು ಒಂದು ಮಾತನ್ನು ಬಲ್ಲರು: ಎಷ್ಟು ಮಳೆ ಬಿತ್ತೆಂಬುದನ್ನು ತಿಳಿದ ಮಾತ್ರಕ್ಕೆ ಕೆಳಗಣ ಗದ್ದೆಗೆ ನೀರು ಬಂದಿತೇ ಎಂಬುದು ತಿಳಿಯದು, ತೂಬು ಯಾರ ವಶದಲ್ಲಿತ್ತು, ನೀರುಗಂಟಿ ಯಾರ ಮಾತು ಕೇಳುತ್ತಿದ್ದ ಎಂಬುದನ್ನೂ ವಿಚಾರಿಸಬೇಕು. ಇಂಗ್ಲಿಷ್ ಫುಟ್‌ಬಾಲಿನ ವಿಷಯದಲ್ಲಿಯೂ ಮೊತ್ತದ ಲೆಕ್ಕ ಬರೆದವರು ಅನೇಕರು. ತೂಬಿನ ಚರಿತ್ರೆಗೆ ಗಮನ ಕೊಟ್ಟವರು ಕಡಮೆ. ಆ ತೂಬು ಕೈಬದಲಾದದ್ದು ೧೯೯೨ರಲ್ಲಲ್ಲ, ೧೯೮೩ರಿಂದ ೧೯೮೮ರ ವರೆಗಿನ ಅಲ್ಪಾವಧಿಯಲ್ಲಿ, ದೊಡ್ಡ ಹಣ ಇನ್ನೂ ಬರುವುದಕ್ಕೆ ಮುಂಚೆ ಎಂಬುದು ನಮ್ಮ ಅಭಿಪ್ರಾಯ.

೨

ಮೊದಲು ಹಳೆಯ ವ್ಯವಸ್ಥೆಯನ್ನು ನೋಡೋಣ. ೧೮೮೮ರಲ್ಲಿ ಆಸ್ಟನ್ ವಿಲ್ಲಾ ಕ್ಲಬ್ಬಿನ ವಿಲಿಯಂ ಮಗ್ರೆಗರ್ ಎಂಬಾತನ ಪ್ರಯತ್ನದಿಂದ ಹನ್ನೆರಡು ಕ್ಲಬ್ಬುಗಳು ಕೂಡಿ ಫುಟ್‌ಬಾಲ್ ಲೀಗನ್ನು ಸ್ಥಾಪಿಸಿದವು. ಎಲ್ಲವೂ ಲ್ಯಾಂಕಶೈರಿಗೆ ಅಥವಾ ಮಧ್ಯ ಇಂಗ್ಲೆಂಡಿನ ಕೈಗಾರಿಕೆಯ ಊರುಗಳಿಗೆ ಸೇರಿದವು. ಲೀಗು ಬೆಳೆದು ನಾಲ್ಕು ಡಿವಿಷನ್ನುಗಳಾಗಿ ೯೨ ಕ್ಲಬ್ಬುಗಳನ್ನು ಒಳಗೊಂಡಿತು. ಆತಿಥೇಯ ಕ್ಲಬ್ಬು ಬಾಗಿಲಲ್ಲಿ ಸಂಗ್ರಹಿಸಿದ ಹಣದಲ್ಲಿ ಒಂದು ಪಾಲು ಎದುರಾಳಿ ಕ್ಲಬ್ಬಿಗೆ ಸಲ್ಲುತ್ತಿತ್ತು. ಇನ್ನೊಂದು ಸಣ್ಣ ಪಾಲು ಲೀಗಿನ ಸಾಮಾನ್ಯ ನಿಧಿಗೆ ಹೋಗುತ್ತಿತ್ತು. ಟೆಲಿವಿಷನ್ನಿನಿಂದ ಬಂದ ಅಲ್ಪ ಹಣವನ್ನೂ ೯೨ ಕ್ಲಬ್ಬುಗಳಿಗೆ ಸಮನಾಗಿ ಹಂಚುತ್ತಿದ್ದರು. ಮೊದಲನೆಯ ಡಿವಿಷನ್ನಿನ ಲಿವರ್‌ಪೂಲಿಗೂ ನಾಲ್ಕನೆಯ ಡಿವಿಷನ್ನಿನ ಕೊನೆಯ ಕ್ಲಬ್ಬಿಗೂ ಒಂದೇ ಪಾಲು.

ಈ ಏರ್ಪಾಟು ಕೇವಲ ಔದಾರ್ಯದಿಂದ ಹುಟ್ಟಿದ್ದಲ್ಲ. ಎದುರು ಜಟ್ಟಿಯಿಲ್ಲದೆ ಕುಸ್ತಿಯಿಲ್ಲ. ಬೇರೆ ವ್ಯಾಪಾರದಲ್ಲಿ ಪ್ರತಿಸ್ಪರ್ಧಿ ಹಾಳಾದರೆ ವರ್ತಕನಿಗೆ ಲಾಭ. ಆಟದಲ್ಲಿ ಪ್ರತಿಸ್ಪರ್ಧಿ ಹಾಳಾದರೆ ಮಾರುವುದಕ್ಕೆ ಸರಕೇ ಉಳಿಯದು. ಅಮೆರಿಕದ ಅರ್ಥಶಾಸ್ತ್ರಜ್ಞ ವಾಲ್ಟರ್ ನೀಲ್ ೧೯೬೪ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಈ ವಿಚಿತ್ರವನ್ನು ಮುಷ್ಟಿಮಲ್ಲ ಜೋ ಲೂಯಿಯ ನಿದರ್ಶನದಿಂದ ವಿವರಿಸಿದ್ದಾನೆ: ಸಮಬಲನಾದ ಎದುರಾಳಿ ದೊರೆಯದಿದ್ದರೆ ಲೂಯಿಗೆ ಸಂಪಾದನೆಯೇ ಇಲ್ಲ. ಲೀಗನ್ನು ಸ್ಥಾಪಿಸಿದವರು ಈ ಸಿದ್ಧಾಂತವನ್ನು ಓದಿದವರಲ್ಲ. ಅದನ್ನು ಅನುಭವದಿಂದ ಬಲ್ಲವರು.

ಆದರೆ ಹಳೆಯ ವ್ಯವಸ್ಥೆಯನ್ನು ರಾಮರಾಜ್ಯವೆಂದು ವರ್ಣಿಸುವವರೊಡನೆ ನಾವು ಸೇರಲಾರೆವು. ಕ್ಲಬ್ಬುಗಳ ನಡುವಣ ಆ ಸಮತೆಯ ಬೆಲೆಯನ್ನು ಬಹುಮಟ್ಟಿಗೆ ತೆತ್ತವರು ಆಟಗಾರರು. ೧೯೬೧ರ ವರೆಗೆ ಅವರ ವೇತನಕ್ಕೆ ಗರಿಷ್ಠ ಮಿತಿಯಿತ್ತು; ಕಡೆಯಲ್ಲಿ ಅದು ವಾರಕ್ಕೆ ೨೦ ಪೌಂಡು. ಕರಾರು ಮುಗಿದರೂ ಕ್ಲಬ್ಬಿನ ಒಪ್ಪಿಗೆಯಿಲ್ಲದೆ ಬೇರೆಡೆಗೆ ಹೋಗುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ಈ ಕಟ್ಟನ್ನು ೧೯೬೩ರಲ್ಲಿ ಜಾರ್ಜ್ ಈಸ್ಟಮ್‌ನ ಮೊಕದ್ದಮೆಯ ತೀರ್ಪು ಸಡಿಲಿಸಿತು. ಇನ್ನು ಪ್ರೇಕ್ಷಕರ ವಿಷಯ. ೧೯೪೮-೪೯ರಲ್ಲಿ ಲೀಗಿನ ಪಂದ್ಯಗಳಿಗೆ ೪ ಕೋಟಿ ೧೦ ಲಕ್ಷಕ್ಕೂ ಹೆಚ್ಚು ಮಂದಿ ಬಂದಿದ್ದರು. ೧೯೮೫-೮೬ರಲ್ಲಿ ಆ ಸಂಖ್ಯೆ ಸುಮಾರು ೧ ಕೋಟಿ ೬೫ ಲಕ್ಷಕ್ಕೆ ಇಳಿಯಿತು. ಈ ಇಳಿತದ ಬಹುಭಾಗ ಲೀಗಿನ ಪಂದ್ಯಗಳ ನೇರ ಪ್ರಸಾರವೇ ಇಲ್ಲದಿದ್ದ ಕಾಲದಲ್ಲಿ ನಡೆಯಿತು. ೧೯೬೦ರ ಸೆಪ್ಟೆಂಬರಿನಲ್ಲಿ ಬ್ಲ್ಯಾಕ್‌ಪೂಲ್ ಮತ್ತು ಬೋಲ್ಟನ್ ಕ್ಲಬ್ಬುಗಳ ಪಂದ್ಯವೊಂದನ್ನು ನೇರವಾಗಿ ತೋರಿಸಿ, ಪ್ರೇಕ್ಷಕರು ಮನೆಯಲ್ಲೇ ಉಳಿಯುವರೆಂಬ ಭಯದಿಂದ ಆ ಪ್ರಯೋಗವನ್ನು ಅಷ್ಟಕ್ಕೇ ನಿಲ್ಲಿಸಿದ್ದರು. ಬರ್ನ್‌ಲಿ ಕ್ಲಬ್ಬಿನ ಅಧ್ಯಕ್ಷ ಬಾಬ್ ಲಾರ್ಡ್ ಶನಿವಾರ ಮಧ್ಯಾಹ್ನದ ನೇರ ಪ್ರಸಾರವನ್ನು ಕಟುವಾಗಿ ವಿರೋಧಿಸಿದ್ದೂ ಈ ಭಯದಿಂದಲೇ. ಟೆಲಿವಿಷನ್ನನ್ನು ಹೊರಗಿಟ್ಟರೂ ಮೈದಾನಗಳು ಬರಿದಾದವು. ಆದಕಾರಣ ಟೆಲಿವಿಷನ್ನೇ ಪ್ರೇಕ್ಷಕರನ್ನು ಓಡಿಸಿತೆಂಬ ಮಾತು ಪರೀಕ್ಷೆಗೆ ನಿಲ್ಲದು.

೩

ಪರಿವರ್ತನೆಯ ನಿಜವಾದ ಕಾಲ ೧೯೮೩ರಿಂದ ಮೊದಲಾಗುತ್ತದೆ. ಆ ಒಂದು ವರ್ಷದಲ್ಲಿ ಮೂರು ಸಂಗತಿಗಳು ನಡೆದವು. ಮೊದಲನೆಯದಾಗಿ, ಲೀಗಿನ ಪಂದ್ಯಗಳಲ್ಲಿ ಬಾಗಿಲ ಹಣದ ಪಾಲನ್ನು ಎದುರಾಳಿಗೆ ಕೊಡುವ ಪದ್ಧತಿ ನಿಂತಿತು. ಆತಿಥೇಯ ಕ್ಲಬ್ಬೇ ಅದನ್ನು ಇಟ್ಟುಕೊಳ್ಳಬಹುದೆಂದಾಯಿತು. ಎರಡನೆಯದಾಗಿ, ಲೀಗಿನ ಪಂದ್ಯಗಳ ನೇರ ಪ್ರಸಾರ ಕ್ರಮವಾಗಿ ಆರಂಭವಾಯಿತು. ಎರಡು ವರ್ಷಕ್ಕೆ ಬಂದ ಹಣ ೫೨ ಲಕ್ಷ ಪೌಂಡು. ಮೂರನೆಯದಾಗಿ, ಟಾಟೆನ್‌ಹ್ಯಾಮ್ ಕ್ಲಬ್ಬು ತನ್ನ ಮೇಲೆ ಒಂದು ಹಿಡುವಳಿ ಕಂಪೆನಿಯನ್ನು ರಚಿಸಿ ಅದರ ಷೇರುಗಳನ್ನು ಲಂಡನ್ನಿನ ಷೇರು ಪೇಟೆಗೆ ತಂದಿತು. ಕ್ಲಬ್ಬುಗಳ ಲಾಭಾಂಶಕ್ಕೆ ಫುಟ್‌ಬಾಲ್ ಅಸೋಸಿಯೇಷನ್ ಬಹುಕಾಲದಿಂದ ಹಾಕಿದ್ದ ಕಟ್ಟಳೆ ಕ್ಲಬ್ಬಿಗೆ ಅನ್ವಯಿಸುತ್ತಿತ್ತೇ ಹೊರತು ಅದರ ಮೇಲಣ ಕಂಪೆನಿಗೆ ಅನ್ವಯಿಸುತ್ತಿರಲಿಲ್ಲ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಹೊಸ ತತ್ತ್ವ ಕಾಣುತ್ತದೆ: ಪಂದ್ಯದ ಆದಾಯ ಲೀಗಿಗೆ ಸೇರಿದ್ದಲ್ಲ, ಹೆಚ್ಚು ಜನರನ್ನು ಆಕರ್ಷಿಸುವ ಕ್ಲಬ್ಬಿಗೆ ಸೇರಿದ್ದು.

೧೯೮೫ರಲ್ಲಿ ಬ್ರಾಡ್‌ಫರ್ಡಿನ ಮೈದಾನದ ಬೆಂಕಿಯಲ್ಲಿ ೫೬ ಮಂದಿ ಸತ್ತರು. ಅದೇ ಮೇ ತಿಂಗಳಲ್ಲಿ ಬ್ರಸೆಲ್ಸಿನ ಹೈಸೆಲ್ ಕ್ರೀಡಾಂಗಣದಲ್ಲಿ ೩೯ ಮಂದಿ ಸತ್ತರು. ಪ್ರಸಾರ ಸಂಸ್ಥೆಗಳೊಡನೆ ಒಪ್ಪಂದವಾಗದೆ ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಟೆಲಿವಿಷನ್ನಿನಲ್ಲಿ ಲೀಗಿನ ಆಟವೇ ಇಲ್ಲವಾಯಿತು. ಈ ಸಂಕಟದಲ್ಲಿ ದೊಡ್ಡ ಕ್ಲಬ್ಬುಗಳು ಬೇರೆಯಾಗುವ ಬೆದರಿಕೆ ಹಾಕಿದವು. ಫಲವಾಗಿ ೧೯೮೬ರಿಂದ ಟೆಲಿವಿಷನ್ ಹಣದ ಅರ್ಧ ಮೊದಲನೆಯ ಡಿವಿಷನ್ನಿಗೆ, ಕಾಲು ಭಾಗ ಎರಡನೆಯದಕ್ಕೆ, ಉಳಿದ ಕಾಲು ಭಾಗ ಕೆಳಗಿನ ಎರಡಕ್ಕೂ ಕೂಡಿ ಎಂದು ತೀರ್ಮಾನವಾಯಿತು. ಮತದಾನದಲ್ಲಿಯೂ ಮೊದಲನೆಯ ಡಿವಿಷನ್ನಿನ ಬಲ ಹೆಚ್ಚಿತು. ಆಗ ಹಂಚಬೇಕಾಗಿದ್ದ ಹಣ ವರ್ಷಕ್ಕೆ ಸುಮಾರು ೩೧ ಲಕ್ಷ ಪೌಂಡು ಮಾತ್ರ ಎಂಬುದನ್ನು ವಾಚಕರು ಗಮನಿಸಬೇಕು. ೧೯೮೮ರಲ್ಲಿ ಐಟಿವಿ ಸಂಸ್ಥೆ ನಾಲ್ಕು ವರ್ಷಕ್ಕೆ ೪ ಕೋಟಿ ೪೦ ಲಕ್ಷ ಪೌಂಡು ಕೊಡಲು ಒಪ್ಪಿತು. ಆ ಮಾತುಕತೆಯಲ್ಲಿ ಮುಂದಾಳುಗಳಾದದ್ದು ಕೆಲವೇ ದೊಡ್ಡ ಕ್ಲಬ್ಬುಗಳು. ಹೊಳೆ ಬರುವುದಕ್ಕೆ ಮೊದಲೇ ತೂಬು ಮೇಲಣ ಗದ್ದೆಯವರ ವಶವಾಗಿತ್ತು.

೪

ಈ ಹಿನ್ನೆಲೆಯಲ್ಲಿ ನೋಡಿದರೆ ೧೯೯೨ರ ಘಟನೆ ಆರಂಭವಲ್ಲ, ಪರಿಣಾಮ. ಫುಟ್‌ಬಾಲ್ ಅಸೋಸಿಯೇಷನ್ನಿಗೂ ಫುಟ್‌ಬಾಲ್ ಲೀಗಿಗೂ ಇದ್ದ ಹಳೆಯ ಸ್ಪರ್ಧೆಯನ್ನು ಉಪಯೋಗಿಸಿಕೊಂಡು, ಅಸೋಸಿಯೇಷನ್ನಿನ ಬೆಂಬಲದಿಂದ ಮೊದಲನೆಯ ಡಿವಿಷನ್ನಿನ ೨೨ ಕ್ಲಬ್ಬುಗಳು ಹೊರಬಂದವು. ಉಪಗ್ರಹದ ಮೂಲಕ ಪ್ರಸಾರಮಾಡುವ ಬಿಸ್ಕೈಬಿ ಮತ್ತು ಬಿಬಿಸಿ ಸಂಸ್ಥೆಗಳೊಡನೆ ಆದ ಐದು ವರ್ಷದ ಒಪ್ಪಂದದ ಘೋಷಿತ ಮೊತ್ತ ೩೦ ಕೋಟಿ ೪೦ ಲಕ್ಷ ಪೌಂಡು. ೧೯೯೭ರಲ್ಲಿ ಮೊದಲಾದ ನಾಲ್ಕು ವರ್ಷದ ಒಪ್ಪಂದ ೬೭ ಕೋಟಿ; ೨೦೧೬ರಿಂದ ಮೂರು ವರ್ಷಕ್ಕೆ ೫೧೩ ಕೋಟಿ ೬೦ ಲಕ್ಷ; ೨೦೨೫ರಿಂದ ನಾಲ್ಕು ವರ್ಷಕ್ಕೆ ೬೭೦ ಕೋಟಿ. ಇದು ಬ್ರಿಟನ್ನಿನೊಳಗಿನ ಹಕ್ಕಿನ ಬೆಲೆ. ಹೊರದೇಶಗಳಿಂದ ಬರುವುದು ಬೇರೆ.

ಇಲ್ಲಿ ಟೀಕಾಕಾರರು ಸಾಮಾನ್ಯವಾಗಿ ಕಾಣದ ಒಂದು ಸಂಗತಿಯುಂಟು. ಹಳೆಯ ಲೀಗನ್ನು ಒಡೆದು ಬಂದ ಈ ಕ್ಲಬ್ಬುಗಳು ತಮ್ಮತಮ್ಮೊಳಗೆ ಹಳೆಯ ತತ್ತ್ವವನ್ನೇ ಬಹುಮಟ್ಟಿಗೆ ಉಳಿಸಿಕೊಂಡವು. ಒಂದು ಕ್ಲಬ್ಬಿಗೆ ಒಂದು ಮತ. ಯಾವ ಮುಖ್ಯ ಬದಲಾವಣೆಗೂ ಮೂರರಲ್ಲಿ ಎರಡು ಭಾಗದ ಬಹುಮತ ಬೇಕು. ದೇಶದೊಳಗಿನ ಪ್ರಸಾರದ ಹಣದಲ್ಲಿ ಅರ್ಧ ಎಲ್ಲರಿಗೂ ಸಮಪಾಲು, ಕಾಲು ಭಾಗ ಪಟ್ಟಿಯಲ್ಲಿ ಪಡೆದ ಸ್ಥಾನಕ್ಕೆ ತಕ್ಕಂತೆ, ಉಳಿದ ಕಾಲು ಭಾಗ ಎಷ್ಟು ಪಂದ್ಯಗಳು ಪ್ರಸಾರವಾದವೆಂಬುದಕ್ಕೆ ತಕ್ಕಂತೆ. ೨೦೨೩-೨೪ರಲ್ಲಿ ಮೊದಲ ಸ್ಥಾನದ ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬಿಗೆ ಲೀಗಿನಿಂದ ಬಂದದ್ದು ೧೭ ಕೋಟಿ ೫೯ ಲಕ್ಷ ಪೌಂಡು. ಕೊನೆಯ ಸ್ಥಾನದ ಶೆಫೀಲ್ಡ್ ಯುನೈಟೆಡ್‌ಗೆ ೧೦ ಕೋಟಿ ೯೭ ಲಕ್ಷ. ಒಂದಕ್ಕೆ ಒಂದೂಮುಕ್ಕಾಲು ಪಟ್ಟಿನ ಅಂತರವೂ ಇಲ್ಲ. ಸ್ಪೇನಿನಲ್ಲಿ ಬಹುಕಾಲ ಒಂದೊಂದು ಕ್ಲಬ್ಬೂ ತನ್ನ ಹಕ್ಕನ್ನು ತಾನೇ ಮಾರಿಕೊಳ್ಳುತ್ತಿತ್ತು. ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸೆಲೋನ ಕ್ಲಬ್ಬುಗಳಿಗೆ ಸಣ್ಣ ಕ್ಲಬ್ಬುಗಳ ಪಾಲಿನ ಹಲವು ಪಟ್ಟು ಹಣ ಬರುತ್ತಿತ್ತು. ೨೦೧೫ರಲ್ಲಿ ಸರ್ಕಾರವೇ ಶಾಸನ ಮಾಡಿ ಕೂಡಿ ಮಾರುವ ಪದ್ಧತಿಯನ್ನು ತರಬೇಕಾಯಿತು. ಪ್ರೀಮಿಯರ್ ಲೀಗಿನ ಒಳಗಣ ಹಂಚಿಕೆ ನಿಷ್ಫಲವಾದುದೆಂದು ಯಾರೂ ಹೇಳಲಾರರು. ೨೦೧೫-೧೬ರಲ್ಲಿ ಯಾರೂ ನಿರೀಕ್ಷಿಸದಿದ್ದ ಲೆಸ್ಟರ್ ಸಿಟಿ ಪ್ರಶಸ್ತಿ ಗೆದ್ದುದು ಇದೇ ವ್ಯವಸ್ಥೆಯಲ್ಲಿ.

ಹೀಗೆ ಕೂಡಿ ಮಾರುವುದು ವ್ಯಾಪಾರದ ಸ್ಪರ್ಧೆಗೆ ವಿರುದ್ಧವೆಂದು ಹೂಡಿದ ಮೊಕದ್ದಮೆಯಲ್ಲಿ ೧೯೯೯ರಲ್ಲಿ ನ್ಯಾಯಾಲಯ ಲೀಗಿನ ಪರವಾಗಿ ತೀರ್ಪು ಕೊಟ್ಟಿತು. ಕೂಡಿ ಮಾರಿದರೆ ಹಣವನ್ನು ಹಂಚಲು ಸಾಧ್ಯವಾಗುತ್ತದೆ, ಹಂಚಿದರೆ ಸ್ಪರ್ಧೆ ಸಮನಾಗಿರುತ್ತದೆ ಎಂಬುದು ಲೀಗಿನ ವಾದದ ಒಂದು ಮುಖ್ಯ ಅಂಶವಾಗಿತ್ತು. ಈ ವಾದ ನಮಗೂ ಸಮ್ಮತ. ಆದರೆ ಅದು ನಿಜವಾದರೆ ಇಪ್ಪತ್ತನೆಯ ಕ್ಲಬ್ಬಿನ ಬಳಿ ಗೆರೆ ಎಳೆಯುವುದಕ್ಕೆ ಉಪಪತ್ತಿಯೇನು? ಪ್ರತಿವರ್ಷವೂ ಮೂರು ಕ್ಲಬ್ಬುಗಳು ಕೆಳಗಿಳಿದು ಮೂರು ಮೇಲೇರುವ ವ್ಯವಸ್ಥೆಯಲ್ಲಿ ಇಪ್ಪತ್ತೊಂದನೆಯ ಕ್ಲಬ್ಬೂ ಸ್ಪರ್ಧಿಯೇ ಅಲ್ಲವೆ?

೫

ಗೆರೆಯ ಕೆಳಗೆ ಏನಾಯಿತೆಂಬುದನ್ನು ಈಗ ನೋಡಬೇಕು. ಕೆಳಗಿಳಿದ ಕ್ಲಬ್ಬು ಒಮ್ಮೆಲೇ ದಿವಾಳಿಯಾಗದಿರಲೆಂದು ಅದಕ್ಕೆ ಪರಿಹಾರಧನ ಕೊಡುತ್ತಾರೆ. ಅಲ್ಲಿಯವರು ಇದನ್ನು 'ಪ್ಯಾರಾಚೂಟ್' ಹಣವೆನ್ನುತ್ತಾರೆ. ಸಮಪಾಲಿನ ಶೇಕಡ ೫೫ರಷ್ಟು ಮೊದಲ ವರ್ಷ, ೪೫ರಷ್ಟು ಎರಡನೆಯ ವರ್ಷ, ಒಂದಕ್ಕಿಂತ ಹೆಚ್ಚು ಋತು ಮೇಲಿದ್ದವರಿಗೆ ೨೦ರಷ್ಟು ಮೂರನೆಯ ವರ್ಷ. ಇದರ ಉದ್ದೇಶ ದಯೆಯಿರಬಹುದು. ಆದರೆ ಅದೇ ಡಿವಿಷನ್ನಿನಲ್ಲಿ ಈ ಹಣವಿಲ್ಲದೆ ಆಡುವ ಕ್ಲಬ್ಬು ಅದನ್ನು ಪಡೆದ ಕ್ಲಬ್ಬಿನ ಸಮಕ್ಕೆ ಬರಬೇಕಾದರೆ ಸಾಲವೇ ಗತಿ. ೨೦೨೩-೨೪ರಲ್ಲಿಯೂ ೨೦೨೪-೨೫ರಲ್ಲಿಯೂ ಹೊಸದಾಗಿ ಮೇಲೇರಿ ಬಂದಿದ್ದ ಮೂರಕ್ಕೆ ಮೂರು ಕ್ಲಬ್ಬುಗಳೂ ಅದೇ ಋತುವಿನ ಕೊನೆಗೆ ಕೆಳಗಿಳಿದವು. ಎರಡು ಋತುಗಳಿಂದ ನಿಯಮವನ್ನು ಸಿದ್ಧಪಡಿಸಲಾಗದು; ಆದರೆ ರೋಗದ ಲಕ್ಷಣವೆಂದು ಗಣಿಸಬಹುದು.

ಉಳಿದ ೭೨ ಕ್ಲಬ್ಬುಗಳು ತಮ್ಮ ಹಕ್ಕನ್ನು ಬೇರೆಯಾಗಿ ಮಾರಬೇಕಾಯಿತು. ಐಟಿವಿ ಡಿಜಿಟಲ್ ಎಂಬ ಸಂಸ್ಥೆ ೨೦೦೧ರಿಂದ ಮೂರು ವರ್ಷಕ್ಕೆ ೩೧ ಕೋಟಿ ೫೦ ಲಕ್ಷ ಪೌಂಡು ಕೊಡುವೆನೆಂದಿತು. ಕ್ಲಬ್ಬುಗಳು ಬರಲಿರುವ ಹಣವನ್ನು ನೆಚ್ಚಿ ಆಟಗಾರರೊಡನೆ ಕರಾರು ಮಾಡಿಕೊಂಡವು. ೨೦೦೨ರಲ್ಲಿ ಸಂಸ್ಥೆ ಕುಸಿಯಿತು. ಬಾಕಿ ಉಳಿದ ಹಣಕ್ಕೆ ಅದರ ಮಾತೃಸಂಸ್ಥೆಗಳು ಹೊಣೆಯಲ್ಲವೆಂದು ನ್ಯಾಯಾಲಯ ಹೇಳಿತು. ಬ್ರಾಡ್‌ಫರ್ಡ್ ಸಿಟಿ, ಲೆಸ್ಟರ್ ಸಿಟಿ, ಇಪ್ಸ್‌ವಿಚ್ ಟೌನ್ ಮೊದಲಾದ ಕ್ಲಬ್ಬುಗಳು ಒಂದರ ಹಿಂದೊಂದರಂತೆ ದಿವಾಳಿಯ ಆಡಳಿತಕ್ಕೆ ಒಳಗಾದವು. ಫ್ರಾನ್ಸಿನ ಕಥೆಯೂ ಇದೇ. ಅಲ್ಲಿ ಮೀಡಿಯಾಪ್ರೊ ಎಂಬ ಸಂಸ್ಥೆ ೨೦೨೦ರಿಂದ ವರ್ಷಕ್ಕೆ ಸುಮಾರು ೮೦ ಕೋಟಿ ಯೂರೊ ಕೊಡಲು ಒಪ್ಪಿ, ಮೊದಲ ವರ್ಷದಲ್ಲಿಯೇ ಕಂತು ತಪ್ಪಿಸಿ ಹೊರನಡೆಯಿತು. ಬರುವ ಹಣವನ್ನು ನೆಚ್ಚಿ ಮಾಡಿದ ಖರ್ಚು ಬಾರದ ಹಣದಿಂದ ತೀರದು.

೧೮೯೪ರಿಂದ ಲೀಗಿನ ಸದಸ್ಯನಾಗಿದ್ದ, ೧೯೦೦ ಮತ್ತು ೧೯೦೩ರಲ್ಲಿ ಅಸೋಸಿಯೇಷನ್ನಿನ ಕಪ್ಪನ್ನು ಗೆದ್ದಿದ್ದ ಬರಿ ಕ್ಲಬ್ಬನ್ನು, ತನ್ನ ಹಣಕಾಸಿನ ಭದ್ರತೆಯನ್ನು ತೋರಿಸಲಾರದುದರಿಂದ ೨೦೧೯ರ ಆಗಸ್ಟಿನಲ್ಲಿ ಲೀಗಿನಿಂದ ಹೊರಹಾಕಿದರು. ಇದಕ್ಕೆ ಟೆಲಿವಿಷನ್ ಹಣವೊಂದೇ ಕಾರಣವೆಂದರೆ ಅತ್ಯುಕ್ತಿಯಾದೀತು. ಆದರೆ ಮೇಲಣ ಒಂದು ಕ್ಲಬ್ಬು ಒಂದೇ ವರ್ಷದಲ್ಲಿ ಹತ್ತು ಕೋಟಿ ಪೌಂಡು ಪಡೆಯುತ್ತಿದ್ದ ಕಾಲದಲ್ಲಿ, ಅದೇ ಮ್ಯಾಂಚೆಸ್ಟರಿನ ನೆರೆಯಲ್ಲಿ, ೧೨೫ ವರ್ಷದ ಸದಸ್ಯತ್ವ ಹೀಗೆ ಕೊನೆಗೊಂಡಿತೆಂಬುದನ್ನು ಮರೆಯಲಾಗದು. ೯೨ ಸಮಪಾಲುಗಳ ಕಾಲದಲ್ಲಿ ಹಣ ಅಲ್ಪವಾಗಿತ್ತು. ಆದರೆ ಬರಿ ಊರಿನವರು ಅದರಲ್ಲಿ ಪಾಲುಗಾರರಾಗಿದ್ದರು.

೬

ಇಷ್ಟರವರೆಗೆ ಕ್ಲಬ್ಬುಗಳ ವಿಚಾರವಾಯಿತು. ಪ್ರೇಕ್ಷಕನ ಪಾಲೇನು? ೧೯೮೯ರ ಏಪ್ರಿಲ್‌ನಲ್ಲಿ ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ನಡೆದ ನೂಕುನುಗ್ಗಲಿನಲ್ಲಿ ೯೭ ಮಂದಿ ಲಿವರ್‌ಪೂಲ್ ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ಆಮೇಲೆ ನ್ಯಾಯಾಧೀಶ ಟೇಲರ್ ಸಲ್ಲಿಸಿದ ವರದಿ, ನಿಂತು ನೋಡುವ ಮೆಟ್ಟಿಲುಗಳನ್ನು ತೆಗೆದು ಎಲ್ಲರಿಗೂ ಆಸನ ಒದಗಿಸಬೇಕೆಂದು ಹೇಳಿತು. ಇದರಿಂದ ಟಿಕೆಟ್ಟಿನ ಬೆಲೆ ಬಡವರಿಗೆ ಎಟುಕದಂತಾಗಬೇಕಿಲ್ಲವೆಂದೂ ಅದು ಹೇಳಿತ್ತು. ಗ್ಲಾಸ್ಗೋ ನಗರದ ಐಬ್ರಾಕ್ಸಿನಲ್ಲಿ ಆಸನಕ್ಕೆ ೬ ಪೌಂಡು ಎಂದು ನಿದರ್ಶನವನ್ನೂ ಕೊಟ್ಟಿತ್ತು. ಕ್ಲಬ್ಬುಗಳು ಆಸನಗಳನ್ನು ಹಾಕಿದವು, ಬೆಲೆಯ ಮಾತನ್ನು ಬಿಟ್ಟವು. ಲೀಗಿನ ಅಲ್ಲಿಯ ವರೆಗಿನ ಅತ್ಯಂತ ದೊಡ್ಡ ಪ್ರಸಾರ ಒಪ್ಪಂದ ಕೈಯಲ್ಲಿದ್ದ ಕಾಲದಲ್ಲಿಯೇ, ೨೦೧೬ರ ಫೆಬ್ರವರಿಯಲ್ಲಿ, ಲಿವರ್‌ಪೂಲ್ ಕ್ಲಬ್ಬು ೭೭ ಪೌಂಡಿನ ಟಿಕೆಟ್ಟನ್ನು ಪ್ರಕಟಿಸಿತು. ಸಾವಿರಾರು ಅಭಿಮಾನಿಗಳು ಪಂದ್ಯದ ೭೭ನೆಯ ನಿಮಿಷಕ್ಕೆ ಎದ್ದು ಹೊರನಡೆದರು. ಕೆಲವೇ ದಿನಗಳಲ್ಲಿ ಕ್ಲಬ್ಬು ತನ್ನ ತೀರ್ಮಾನವನ್ನು ಹಿಂತೆಗೆದುಕೊಂಡಿತು. ಪರಊರಿಗೆ ಹೋಗಿ ನೋಡುವವರ ಟಿಕೆಟ್ಟಿಗೆ ೩೦ ಪೌಂಡಿನ ಮಿತಿ ಬಂದದ್ದೂ ಅದೇ ವರ್ಷ, ಅಭಿಮಾನಿಗಳ ಸಂಘಟಿತ ಒತ್ತಾಯದಿಂದ. ಆದಾಯ ಹೆಚ್ಚಿದರೆ ಬೆಲೆ ತಾನಾಗಿ ಇಳಿಯುತ್ತದೆ ಎಂಬ ವಾದಕ್ಕೆ ಈ ಚರಿತ್ರೆಯಲ್ಲಿ ಆಧಾರವಿಲ್ಲ. ಎಲ್ಲರಿಗೂ ಹಣ ಹೆಚ್ಚಿದಾಗ ಎಲ್ಲರೂ ಅದನ್ನು ಅದೇ ಕೆಲವು ಆಟಗಾರರಿಗಾಗಿ ಪೈಪೋಟಿಯಿಂದ ಚೆಲ್ಲುತ್ತಾರೆ. ಕೊರತೆ ಮತ್ತೆ ಹಾಗೆಯೇ ಉಳಿಯುತ್ತದೆ.

ಹೊತ್ತಿನ ವಿಷಯವೂ ಹಾಗೆಯೇ. ಪ್ರಸಾರದ ಅನುಕೂಲಕ್ಕಾಗಿ ಪಂದ್ಯವನ್ನು ಸೋಮವಾರ ರಾತ್ರಿಗೆ ಬದಲಿಸಿದರೆ ಕ್ಲಬ್ಬಿಗೆ ಅದಕ್ಕೆ ಪ್ರತಿಫಲವುಂಟು. ಕಡೆಯ ರೈಲು ತಪ್ಪಿದ ಅಭಿಮಾನಿಗೆ ಏನೂ ಇಲ್ಲ.

ಅಭಿಮಾನಿ ಕೇವಲ ಗಿರಾಕಿ, ಬೆಲೆ ಒಪ್ಪದಿದ್ದರೆ ಬಿಡಬಹುದು ಎನ್ನುವವರಿದ್ದಾರೆ. ೨೦೨೦ರ ಸಾಂಕ್ರಾಮಿಕದ ಕಾಲ ಈ ವಾದವನ್ನು ಪರೀಕ್ಷೆಗೆ ಒಡ್ಡಿತು. ಬರಿದಾದ ಕ್ರೀಡಾಂಗಣಗಳಲ್ಲಿ ಪಂದ್ಯಗಳು ನಡೆದವು; ಟೆಲಿವಿಷನ್ನಿನವರು ಮೊದಲೇ ಮುದ್ರಿಸಿಟ್ಟಿದ್ದ ಜನಸಮೂಹದ ಕೂಗನ್ನು ಚಿತ್ರಕ್ಕೆ ಜೋಡಿಸಿ ಪ್ರಸಾರಮಾಡಿದರು. ಮಾರುತ್ತಿದ್ದ ಸರಕಿನಲ್ಲಿ ಪ್ರೇಕ್ಷಕನ ಕಂಠವೂ ಒಂದು ಅಂಶವೆಂದು ಮಾರುವವರೇ ಒಪ್ಪಿಕೊಂಡಂತಾಯಿತು. ಎದುರಾಳಿಯಿಲ್ಲದೆ ಆಟವಿಲ್ಲವೆಂದು ಎದುರಾಳಿಗೆ ಪಾಲು ಕೊಟ್ಟ ನ್ಯಾಯವೇ ಪ್ರೇಕ್ಷಕನಿಗೂ ಸಲ್ಲಬೇಕಲ್ಲವೆ?

೭

ನಮ್ಮ ವಾದಕ್ಕೆ ಒಂದು ಆಕ್ಷೇಪವನ್ನು ಎತ್ತಬಹುದು. ದೊಡ್ಡ ಕ್ಲಬ್ಬುಗಳಿಗೆ ಹೆಚ್ಚು ಪಾಲು ದೊರೆತುದರಿಂದಲೇ ಅವು ಲೋಕಪ್ರಸಿದ್ಧವಾದವು, ಆದುದರಿಂದಲೇ ಮೊತ್ತ ಬೆಳೆಯಿತು; ೯೨ ಸಮಪಾಲುಗಳಾಗಿದ್ದರೆ ಹಂಚಲು ಇಷ್ಟು ಹಣವೇ ಇರುತ್ತಿರಲಿಲ್ಲ ಎಂಬುದೇ ಆ ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ. ನಾಲ್ಕನೆಯ ಡಿವಿಷನ್ನಿಗೂ ಮೊದಲನೆಯದಕ್ಕೂ ಸಮಪಾಲು ಕೊಡಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಈ ತರ್ಕಕ್ಕೆ ತಾನಾಗಿ ನಿಲ್ಲುವ ಎಡೆಯಿಲ್ಲ. ೨೦೨೧ರ ಏಪ್ರಿಲ್ ೧೮ರಂದು ಯೂರೋಪಿನ ಹನ್ನೆರಡು ಕ್ಲಬ್ಬುಗಳು, ಅವುಗಳಲ್ಲಿ ಆರು ಇಂಗ್ಲೆಂಡಿನವು, ಸ್ಥಾಪಕ ಸದಸ್ಯರು ಎಂದೂ ಕೆಳಗಿಳಿಯದ ಸೂಪರ್ ಲೀಗೊಂದನ್ನು ಘೋಷಿಸಿದಾಗ ಹೂಡಿದ್ದು ಇದೇ ತರ್ಕವನ್ನು. ಆಗ ಪ್ರೀಮಿಯರ್ ಲೀಗಿನ ಉಳಿದ ಹದಿನಾಲ್ಕು ಕ್ಲಬ್ಬುಗಳು ಅನ್ಯಾಯವೆಂದು ಕೂಗಿದವು. ೧೯೯೨ರಲ್ಲಿ ಹಿಂದುಳಿದ ಕ್ಲಬ್ಬುಗಳು ಆಡಿದ್ದ ಮಾತೂ ಇಂಥದೇ. ಚೆಲ್ಸಿ ಮೈದಾನದ ಹೊರಗೆ ಅಭಿಮಾನಿಗಳು ನೆರೆದು ಪ್ರತಿಭಟಿಸಿದರು. ಎರಡು ದಿನಗಳಲ್ಲಿ ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಹಿಂದೆ ಸರಿದವು.

ಈ ಪ್ರಸಂಗದ ನಂತರ ಸರ್ಕಾರ ನಡೆಸಿದ ವಿಚಾರಣೆಯ ಫಲವಾಗಿ ೨೦೨೫ರ ಜುಲೈನಲ್ಲಿ ಫುಟ್‌ಬಾಲ್ ಆಡಳಿತದ ಶಾಸನ ಜಾರಿಗೆ ಬಂದು, ಸ್ವತಂತ್ರ ನಿಯಂತ್ರಕ ಸಂಸ್ಥೆಯೊಂದಕ್ಕೆ ಎಡೆಮಾಡಿತು. ಕ್ಲಬ್ಬುಗಳಿಗೆ ಪರವಾನಗಿ ಕೊಡುವುದು, ಅವುಗಳ ಹಣಕಾಸನ್ನು ಪರಿಶೀಲಿಸುವುದು, ಅಭಿಮಾನಿಗಳ ಮಾತಿಗೆ ಸ್ಥಾನ ದೊರಕಿಸುವುದು ಇದರ ಕೆಲಸ. ನಮ್ಮ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಮುಖ್ಯವಾದ ವಿಧಿ ಮತ್ತೊಂದು: ಪ್ರೀಮಿಯರ್ ಲೀಗೂ ಕೆಳಗಿನ ಲೀಗೂ ಹಂಚಿಕೆಯ ವಿಷಯದಲ್ಲಿ ಒಮ್ಮತಕ್ಕೆ ಬಾರದಿದ್ದರೆ ಕಡೆಯಲ್ಲಿ ತೀರ್ಮಾನ ಕೊಡುವ ಅಧಿಕಾರ ಈ ಸಂಸ್ಥೆಗೆ ಬಂದಿದೆ. ಎಂಬತ್ತರ ದಶಕದಲ್ಲಿ ಕೆಲವರ ವಶವಾದ ಅಧಿಕಾರದ ಒಂದು ಅಂಶ ಹೀಗೆ ನಲವತ್ತು ವರ್ಷಗಳ ಮೇಲೆ ಮೂರನೆಯವರ ಕೈಗೆ ಬಂದಂತಾಯಿತು. ಮುಂದಿನ ಚರಿತ್ರಕಾರರು ಆ ಸಂಸ್ಥೆಯ ಯೋಗ್ಯತೆಯನ್ನು ಅಳೆಯುವಾಗ ಪ್ರಸಾರದ ಹಕ್ಕು ಎಷ್ಟು ಕೋಟಿಗೆ ಮಾರಾಟವಾಯಿತೆಂದು ನೋಡಿದರೆ ಸಾಲದು. ಇಪ್ಪತ್ತೊಂದನೆಯ ಕ್ಲಬ್ಬಿಗೆ ಎಷ್ಟು ಬಂದಿತು, ತೊಂಬತ್ತೆರಡನೆಯದಕ್ಕೆ ಎಷ್ಟು ತಲುಪಿತು, ಮೈದಾನದ ಅತ್ಯಂತ ಅಗ್ಗದ ಆಸನಕ್ಕೆ ಕೂಲಿಯವನೊಬ್ಬ ಎಷ್ಟು ತೆತ್ತ ಎಂಬುದನ್ನೂ ಲೆಕ್ಕಹಾಕಬೇಕು.